ಕಾಲೇಜಿನ ಆಯ್ಕೆಯೂ ಹೆಣ್ಣುಮಕ್ಕಳ ಸಂಖ್ಯೆಯೂ: ಒಂದು ಚಾರಿತ್ರಿಕ ಅವಲೋಕನ

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬ ಚರ್ಚೆ ಶುಲ್ಕ, ದೂರ, ಅಧ್ಯಾಪಕರ ಯೋಗ್ಯತೆ ಇವೆಲ್ಲವನ್ನೂ ದಾಟಿ, "ಅಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇದು ಸಣ್ಣ ಪ್ರಶ್ನೆಯಲ್ಲ. ಉತ್ತರ ಸಮಾಧಾನ ಕೊಡದಿದ್ದರೆ, ಅರ್ಹತೆಯಿಂದ ದೊರೆತ ಸೀಟನ್ನೇ ಬಿಟ್ಟುಕೊಡುವ ಕುಟುಂಬಗಳುಂಟು. ಆದರೆ ವ್ಯಾಪಾರಸ್ಥನಾದವನು ದಿನದ ಕೊನೆಯ ಷಿಲ್ಕನ್ನು ಮಾತ್ರ ನೋಡಿ ಅಂಗಡಿಯ ಸ್ಥಿತಿಯನ್ನು ನಿರ್ಣಯಿಸುವುದಿಲ್ಲ. ಆ ಷಿಲ್ಕಿಗೆ ಕಾರಣವಾದ ಜಮಾಖರ್ಚನ್ನು ನೋಡುತ್ತಾನೆ. ಕಾಲೇಜಿನ ಸಂಖ್ಯೆಯನ್ನೂ ಹಾಗೆಯೇ ನೋಡಬೇಕಾಗುತ್ತದೆ. ಅದಕ್ಕೆ ಇತಿಹಾಸವೇ ನೆರವು.

ಭಾರತದಲ್ಲಿ ಹೆಣ್ಣುಮಕ್ಕಳ ಕಾಲೇಜು ಶಿಕ್ಷಣವು ಒಬ್ಬರೇ ವಿದ್ಯಾರ್ಥಿನಿಯಿಂದ ಆರಂಭವಾಯಿತೆಂದರೆ ತಪ್ಪಾಗಲಾರದು. 1849ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ಬೆಥೂನ್ ಶಾಲೆಯಲ್ಲಿ ಕಾಲೇಜು ತರಗತಿಗಳು 1879ರಲ್ಲಿ ಪ್ರಾರಂಭವಾದಾಗ ಅಲ್ಲಿದ್ದವರು ಕಾದಂಬಿನಿ ಬೋಸ್ ಒಬ್ಬರೇ. ನಾಲ್ಕು ವರ್ಷಗಳ ತರುವಾಯ, 1883ರಲ್ಲಿ, ಅವರೂ ಚಂದ್ರಮುಖಿ ಬಸು ಅವರೂ ಕಲ್ಕತ್ತ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದರು. ಆ ಕಾಲದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ಸ್ತ್ರೀಯರಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಆಕ್ಸ್‌ಫರ್ಡ್ 1920ರಲ್ಲಿಯೂ ಕೇಂಬ್ರಿಜ್ 1948ರಲ್ಲಿಯೂ ಆ ನಿಯಮವನ್ನು ಬದಲಾಯಿಸಿದವು. ಒಬ್ಬಳಿಗಾಗಿ ತರಗತಿಯನ್ನು ತೆರೆಯುವುದು ವ್ಯರ್ಥವೆಂದು ಬೆಥೂನ್ ಶಾಲೆಯವರು ಎಣಿಸಿದ್ದರೆ ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಕಾದಂಬಿನಿಯವರು ವೈದ್ಯರಾದರು. ಚಂದ್ರಮುಖಿಯವರು ಅದೇ ಬೆಥೂನ್ ಕಾಲೇಜಿನ ಪ್ರಾಂಶುಪಾಲರಾದರು.

ನಮ್ಮ ಬೆಂಗಳೂರಿನ ಒಂದು ಪ್ರಸಂಗವು ಇದಕ್ಕೆ ವಿರುದ್ಧವಾದುದು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಕಮಲಾ ಭಾಗವತ್ ಅವರು (ಮದುವೆಯ ತರುವಾಯ ಕಮಲಾ ಸೊಹೋನಿ) ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೇಶವನ್ನು ಕೋರಿದರು. ಹೆಣ್ಣೆಂಬ ಕಾರಣಕ್ಕೆ ಅವರ ಅರ್ಜಿ ತಿರಸ್ಕೃತವಾಯಿತು. ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತರಾದ ಸರ್ ಸಿ.ವಿ. ರಾಮನ್. ಕಮಲಾ ಅವರು ಸುಮ್ಮನೆ ಹಿಂದಿರುಗಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು: ಒಂದು ವರ್ಷ ಪರೀಕ್ಷಾರ್ಥವಾಗಿ ಇರತಕ್ಕದ್ದು, ಅವರ ಕೆಲಸ ತೃಪ್ತಿಕರವೆಂದು ಕಂಡ ಮೇಲೆಯೇ ಅದಕ್ಕೆ ಮನ್ನಣೆ, ಅವರ ಇರುವಿಕೆಯಿಂದ ಗಂಡು ಸಂಶೋಧಕರ ಏಕಾಗ್ರತೆಗೆ ಭಂಗ ಬರಕೂಡದು. ಗಂಡು ವಿದ್ಯಾರ್ಥಿಗಳಿಗೆ ಇಂತಹ ಕರಾರು ಇರಲಿಲ್ಲ. ಕಮಲಾ ಅವರು ಅದನ್ನು ಅವಮಾನವೆಂದೇ ತಿಳಿದರು, ಆದರೆ ಕೆಲಸವನ್ನು ಬಿಡಲಿಲ್ಲ. ಅವರ ಸಾಧನೆಯನ್ನು ಕಂಡ ಮೇಲೆ ಸಂಸ್ಥೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. 1939ರಲ್ಲಿ ಅವರಿಗೆ ಕೇಂಬ್ರಿಜ್‌ನ ಡಾಕ್ಟರೇಟ್ ದೊರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ವರ್ಷ ಯಾರಾದರೂ ತಂದೆ ಆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಕೇಳಿದ್ದರೆ, ಬಹಳ ಕಡಿಮೆ ಎಂಬ ಉತ್ತರ ಬರುತ್ತಿತ್ತು. ಹೆಣ್ಣುಮಕ್ಕಳಿಗೆ ವಿಜ್ಞಾನದಲ್ಲಿ ಒಲವಿಲ್ಲವೆಂದು ಅದರಿಂದ ತೀರ್ಮಾನಿಸುವುದು ಸುಲಭ. ಆದರೆ ಅದು ತಪ್ಪು ತೀರ್ಮಾನ. ಆ ಸಂಖ್ಯೆ ಒಲವನ್ನು ಅಳೆಯುತ್ತಿರಲಿಲ್ಲ, ಬಾಗಿಲನ್ನು ಅಳೆಯುತ್ತಿತ್ತು.

ಬಾಗಿಲು ತೆರೆದರೆ ಎಲ್ಲವೂ ಸರಿಹೋಗುವುದೇ? ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನ ವೃತ್ತಾಂತ ಇದಕ್ಕೆ ಉತ್ತರ ಕೊಡುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು, ಎಳೆಯ ಮಗುವಿನೊಂದಿಗೆ ತವರಿಗೆ ಬಂದ ಎ. ಲಲಿತಾ ಅವರನ್ನು ತಂದೆ ಪಪ್ಪು ಸುಬ್ಬರಾವ್ ಅವರು 1940ರಲ್ಲಿ ಆ ಕಾಲೇಜಿಗೆ ಸೇರಿಸಿದರು. ತಂದೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಪ್ರಾಂಶುಪಾಲರಾದ ಕೆ.ಸಿ. ಚಾಕೋ ಅವರು ಒಪ್ಪಿದರು, ಸರ್ಕಾರದ ಅನುಮತಿಯೂ ದೊರೆಯಿತು. ನೂರಾರು ಹುಡುಗರ ನಡುವೆ ಲಲಿತಾ ಒಬ್ಬರೇ. ಯಾರೂ ಅವರಿಗೆ ತೊಂದರೆ ಕೊಟ್ಟವರಲ್ಲ. ಹಾಗಿದ್ದರೂ ಪ್ರತ್ಯೇಕ ವಸತಿಯಲ್ಲಿ ಸಂಜೆಯ ಹೊತ್ತು ಮಾತಿಗೆ ಒಬ್ಬರಿಲ್ಲದ ಒಂಟಿತನ ಬಾಧಿಸತೊಡಗಿತು. ಆಗ ಹಿರಿಯರು ಏನು ಮಾಡಿದರೆಂಬುದು ಮುಖ್ಯ. ಮಗಳನ್ನು ಬಿಡಿಸಿ ಮನೆಗೆ ಕರೆದೊಯ್ಯಲಿಲ್ಲ. ಸಹಿಸಿಕೋ ಎಂದು ಉಪದೇಶವನ್ನೂ ಮಾಡಲಿಲ್ಲ. ಹೆಣ್ಣುಮಕ್ಕಳಿಗೂ ಪ್ರವೇಶವುಂಟೆಂದು ಪ್ರಕಟಣೆ ಕೊಡಿಸಿದರು. ಅದನ್ನು ಕಂಡು ಲೀಲಮ್ಮ ಜಾರ್ಜ್, ಪಿ.ಕೆ. ತ್ರೇಸ್ಯಾ ಎಂಬಿಬ್ಬರು ಸಿವಿಲ್ ವಿಭಾಗಕ್ಕೆ ಸೇರಿದರು. ಮೂವರೂ ಎಂಜಿನಿಯರುಗಳಾಗಿ ಹೊರಬಂದರು. ಪ್ರಮಾಣಪತ್ರಗಳು ಗಂಡಸರಿಗೆಂದೇ ಅಚ್ಚಾಗಿದ್ದುದರಿಂದ, 'ಅವನು' ಎಂಬರ್ಥದ ಇಂಗ್ಲಿಷ್ ಶಬ್ದವನ್ನು ಹೊಡೆದುಹಾಕಿ 'ಅವಳು' ಎಂದು ತಿದ್ದಿ ಕೊಡಬೇಕಾಯಿತು. ಲಲಿತಾ ಅವರು ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಮಾರ್ಗಗಳ ವಿನ್ಯಾಸದಲ್ಲಿ ಕೆಲಸ ಮಾಡಿದರು. ತ್ರೇಸ್ಯಾ ಅವರು 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರರಾದರು. ಒಂದರಿಂದ ಮೂರಕ್ಕೆ ಏರಿದ ಸಂಖ್ಯೆ ಲೆಕ್ಕದಲ್ಲಿ ಅಲ್ಪವೇ. ಆದರೆ ಒಂಟಿಯಾಗಿರುವುದಕ್ಕೂ ಜೊತೆಯಿರುವುದಕ್ಕೂ ಇರುವ ಅಂತರ ಅಲ್ಪವಲ್ಲ.

ಇದೇ ಅನುಭವವನ್ನು ಶ್ರೀಮಂತ ದೇಶವೊಂದರ ಹಳೆಯ ವಿದ್ಯಾಪೀಠ ಹೇಗೆ ಎದುರಿಸಿತೆಂಬುದನ್ನು ಹೋಲಿಸಿ ನೋಡಬಹುದು. 1701ರಲ್ಲಿ ಸ್ಥಾಪಿತವಾದ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯವು ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1969ರಲ್ಲಿ. ಸುಮಾರು 4000 ಹುಡುಗರ ನಡುವೆ 600ಕ್ಕೂ ಕಡಿಮೆ ಹುಡುಗಿಯರು. ಗಂಡುಮಕ್ಕಳ ಸೀಟುಗಳು ಕಡಿಮೆಯಾಗಬಾರದೆಂದು ಹೆಣ್ಣುಮಕ್ಕಳಿಗೆ ಮಿತಿಯನ್ನು ಹಾಕಲಾಗಿತ್ತು. ಅಷ್ಟೇ ಅಲ್ಲದೆ, ಇದ್ದ ಹುಡುಗಿಯರನ್ನು ಹನ್ನೆರಡು ವಸತಿ ವಿಭಾಗಗಳಿಗೆ ಹಂಚಿದ್ದರಿಂದ ಪ್ರತಿಯೊಂದು ಕಡೆಯೂ ಅವರು ಬೆರಳೆಣಿಕೆಯಷ್ಟು ಮಂದಿಯಾದರು. ಸ್ತ್ರೀಪುರುಷ ಭೇದವೆಣಿಸದೆ ಪ್ರವೇಶ ಕೊಡುವ ನಿರ್ಧಾರಕ್ಕೆ 1972ರವರೆಗೆ ಕಾಯಬೇಕಾಯಿತು. ಒಟ್ಟು ಸಂಖ್ಯೆ ಎಷ್ಟೆಂಬುದರಷ್ಟೇ, ಅದನ್ನು ಹೇಗೆ ಹಂಚಿದ್ದಾರೆಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಇನ್ನು ನಮ್ಮ ಕಾಲದ ಮಾತು. ಐ.ಐ.ಟಿ.ಗಳ ಬಿ.ಟೆಕ್. ತರಗತಿಗಳಲ್ಲಿ 2016ರ ಸುಮಾರಿಗೆ ಹೆಣ್ಣುಮಕ್ಕಳು ನೂರಕ್ಕೆ ಎಂಟರಷ್ಟಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಅರ್ಹತೆ ಪಡೆದವರಲ್ಲಿ ಅವರ ಪ್ರಮಾಣ ಇದಕ್ಕಿಂತ ಹೆಚ್ಚಾಗಿಯೇ ಇತ್ತು. ರ‍್ಯಾಂಕಿನ ಕಾರಣದಿಂದ ಸೀಟು ಸಿಗದವರು ಕೆಲವರಾದರೆ, ದೂರದ ಊರೆಂದು ಮನೆಯವರೇ ಬೇಡವೆಂದದ್ದರಿಂದ ಸೇರದೆ ಉಳಿದವರು ಕೆಲವರು. 2018ರಲ್ಲಿ ಹೆಣ್ಣುಮಕ್ಕಳಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಲಾಯಿತು. ಇತರರ ಒಂದು ಸೀಟನ್ನೂ ಕಡಿಮೆ ಮಾಡದೆ, ಮೊದಲ ವರ್ಷ ಶೇಕಡ 14, 2020ರ ಹೊತ್ತಿಗೆ ಶೇಕಡ 20 ಎಂಬ ಗುರಿಯನ್ನಿಟ್ಟುಕೊಂಡರು. ದಶಕಗಳಿಂದ ಅಲುಗಾಡದಿದ್ದ ಪ್ರಮಾಣ ಕೆಲವೇ ವರ್ಷಗಳಲ್ಲಿ ದುಪ್ಪಟ್ಟಾಯಿತು. ಸಂಖ್ಯೆ ವಿಧಿಲಿಖಿತವಲ್ಲ, ನಿರ್ಣಯದ ಫಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಡೀ ದೇಶದ ಉನ್ನತ ಶಿಕ್ಷಣದಲ್ಲಿ 2021–22ರಲ್ಲಿ ಇದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹೆಣ್ಣುಮಕ್ಕಳೆಂಬುದನ್ನು ನೆನೆದರೆ, ಒಟ್ಟು ಲೆಕ್ಕ ಸಮತೋಲನಕ್ಕೆ ಬಂದಿದ್ದರೂ ಕೆಲವು ವಿಭಾಗಗಳಲ್ಲಿ ಕೊರತೆ ಉಳಿದಿದೆಯೆಂದು ಸ್ಪಷ್ಟವಾಗುತ್ತದೆ.

ಹೀಗಿರಲು, ಸಂಖ್ಯೆಯನ್ನು ವಿಚಾರಿಸಬಾರದೆಂದು ಹೇಳುವುದು ವಿವೇಕವಲ್ಲ. ಲಲಿತಾ ಅವರ ಒಂಟಿತನ ನಿಜವಾದುದು, ಅದನ್ನು ಅಲ್ಲಗಳೆಯಲಾಗದು. ಆದರೆ ವಿಚಾರಣೆ ಅಲ್ಲಿಗೇ ನಿಲ್ಲಬಾರದು. ತಾವು ಸೇರಿಸಲಿರುವ ವಿಭಾಗದಲ್ಲಿ ಹೆಣ್ಣುಮಕ್ಕಳೆಷ್ಟು? ಸೇರಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದ್ದಾರೆ? ಅಧ್ಯಾಪಕಿಯರು ಇದ್ದಾರೆಯೇ? ವಿದ್ಯಾರ್ಥಿನಿಲಯವು ಆವರಣದೊಳಗೇ ಇದೆಯೇ? ಗ್ರಂಥಾಲಯ, ಪ್ರಯೋಗಶಾಲೆಗಳ ವೇಳೆ ಹುಡುಗರಿಗೊಂದು, ಹುಡುಗಿಯರಿಗೊಂದು ಎಂದು ಇದೆಯೇ? ದೂರು ಕೊಟ್ಟರೆ ಕೇಳುವವರು ಯಾರು? ನೂರಕ್ಕೆ ಹತ್ತೇ ಹುಡುಗಿಯರಿದ್ದರೂ ಇವುಗಳಿಗೆ ಸರಿಯಾದ ಉತ್ತರವಿರುವ ಕಾಲೇಜು ಒಳ್ಳೆಯದೇ. ಅರ್ಧಕ್ಕರ್ಧ ಇದ್ದರೂ ಉತ್ತರವಿಲ್ಲದ ಕಾಲೇಜನ್ನು ಕುರಿತು ಯೋಚಿಸಬೇಕು. ಮಹಿಳಾ ಕಾಲೇಜನ್ನು ಆರಿಸುವವರೂ ಭಯದಿಂದ ಆರಿಸದೆ, ಅಲ್ಲಿನ ಪಾಠದ ಗುಣವನ್ನು ನೋಡಿ ಆರಿಸಲಿ.

ಈ ಪ್ರಶ್ನೆಗಳನ್ನು ಮಗನನ್ನು ಸೇರಿಸುವಾಗಲೂ ಕೇಳುವುದು ಉಚಿತ. ಸಹಪಾಠಿನಿಯರನ್ನು ಸಮಾನರೆಂದು ಕಾಣಲು ಕಲಿಸದ ಶಿಕ್ಷಣ ಅವನಿಗೂ ಅಪೂರ್ಣವೇ.

ಕೊನೆಯದಾಗಿ, ವಿದ್ಯಾದಾನಕ್ಕೆಂದು ಹಣವನ್ನು ತೆಗೆದಿರಿಸುವ ನಮ್ಮ ಸಂಸ್ಥೆಗಳ ಧರ್ಮದರ್ಶಿಗಳಲ್ಲಿ ಒಂದು ನಿವೇದನೆ. ಹಣದ ಕೊರತೆಯಿಂದ ಬಿಟ್ಟ ಸೀಟಿಗೆ ವಿದ್ಯಾರ್ಥಿವೇತನ ಪರಿಹಾರವಾದೀತು. ಜೊತೆಯಿಲ್ಲವೆಂದು, ತಂಗಲು ಸ್ಥಳವಿಲ್ಲವೆಂದು ಬಿಟ್ಟ ಸೀಟಿಗೆ ಅದು ಪರಿಹಾರವಾಗಲಾರದು. ಒಂದೇ ಊರಿನ ಕಾಲೇಜುಗಳಿಗೆ ಹೋಗುವ ಮೂರು ನಾಲ್ಕು ಹೆಣ್ಣುಮಕ್ಕಳನ್ನು ಒಂದೆಡೆ ತಂಗುವಂತೆ ಏರ್ಪಡಿಸುವುದು, ಹಿಂದೆ ಓದಿದವರನ್ನು ಈಗ ಸೇರುವವರಿಗೆ ಪರಿಚಯಿಸುವುದು ದೊಡ್ಡ ವೆಚ್ಚದ ಕೆಲಸಗಳಲ್ಲ. ಗಿಂಡಿಯಲ್ಲಿ ಒಂದು ಪ್ರಕಟಣೆ ಮಾಡಿದ ಕೆಲಸವನ್ನು ನಮ್ಮ ಸಂಸ್ಥೆಗಳು ಪ್ರತಿ ವರ್ಷವೂ ಮಾಡಬಹುದು. ಹೆಣ್ಣುಮಕ್ಕಳು ಕಡಿಮೆಯೆಂದು ಎಲ್ಲರೂ ಹಿಂದೆ ಸರಿದರೆ ಅವರು ಎಂದೆಂದಿಗೂ ಕಡಿಮೆಯೇ ಇರುತ್ತಾರೆ. ಮುಂದೆ ಹೋಗುವವಳ ಜೊತೆಗೆ ಇನ್ನಿಬ್ಬರನ್ನು ಕಳುಹಿಸುವುದೇ ಹಿರಿಯರಾದ ನಮ್ಮ ಕರ್ತವ್ಯ.