ಮಗು ತಾಯಿಮನೆಯದು

ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಗಂಡ ಹೆಂಡತಿ ಬೇರೆಯಾದರೆ ಮಗು ಯಾರ ಹತ್ತಿರ ಇರಬೇಕೆಂಬ ಜಗಳ ಏಳುತ್ತಿರಲಿಲ್ಲ. ಹುಟ್ಟುವಾಗಲೇ ಅದು ತೀರ್ಮಾನವಾಗಿರುತ್ತಿತ್ತು. ಬಂಟರಾಗಲಿ ಬಿಲ್ಲವರಾಗಲಿ, ಮಗುವಿಗೆ ಸಿಗುವುದು ತಾಯಿಯ 'ಬರಿ', ಅಂದರೆ ತಾಯಿಯ ಕಡೆಯ ವಂಶದ ಹೆಸರು. ಮಗು ತಾಯಿಯ ಕುಟುಂಬದ್ದು. ಅಲ್ಲಿನ ಅನ್ನ, ಸೂರು ಅದರ ಹಕ್ಕು.

ಭೂತಾಳ ಪಾಂಡ್ಯನ ಕಥೆ ನಮಗೆಲ್ಲ ಗೊತ್ತು. ಕುಂಡೋದರ ಭೂತ ಅರಸ ದೇವಪಾಂಡ್ಯನ ಮಗನನ್ನು ಬಲಿ ಕೇಳಿತು. ಹೆಂಡತಿ ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಟ್ಟಳು, ಬದುಕಿ ಉಳಿದ ಆ ಅಳಿಯನೇ ಭೂತಾಳ ಪಾಂಡ್ಯನೆಂಬ ಹೆಸರಿನಲ್ಲಿ ಬಾರ್ಕೂರಿನ ಅರಸನಾದ. ಆಸ್ತಿ ಅಳಿಯನಿಗೇಕೆ ಎಂಬುದಕ್ಕೆ ಹಿರಿಯರು ಈ ಕಥೆ ಹೇಳುತ್ತಿದ್ದರು. ನನಗೆ ಅದರಲ್ಲಿ ಕಾಣುವುದು ಬೇರೆ: ಅರಸನಾದರೂ ತಂದೆಗೆ ಮಗನ ಮೇಲೆ ಕೈಹಾಕಲಾಗಲಿಲ್ಲ, ತಾಯಿಯ ಮಾತೇ ನಡೆಯಿತು.

ನನ್ನ ಅಜ್ಜಿ ಮೂರು ಮಕ್ಕಳನ್ನು ಕಟ್ಟಿಕೊಂಡು ಕಾರ್ಕಳದ ಹತ್ತಿರದ ತಾಯಿಮನೆಗೆ ಮರಳಿದಾಗ ಚಿಕ್ಕಮ್ಮ ಇನ್ನೂ ಮೊಲೆ ಕುಡಿಯುವ ಕೂಸು. ಎರಡೂ ಕಡೆಯ ಹಿರಿಯರು ಚಾವಡಿಯಲ್ಲಿ ಕೂತು ಮಾತಾಡಿದ್ದು ಒಡವೆ, ಪಾತ್ರೆಗಳ ಬಗ್ಗೆ ಮಾತ್ರ. ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಅಜ್ಜ ಆಮೇಲೂ ಬರುತ್ತಿದ್ದರು, ಹೆಚ್ಚಾಗಿ ಭೂತದ ನೇಮದ ಸಮಯಕ್ಕೆ. ಯಾವ ನೆಂಟರಿಗೂ ಕೊಡುವ ಹಾಗೆ ಅವರಿಗೂ ಬೆಲ್ಲ ನೀರು. ಅಮ್ಮ ಅವರ ತೊಡೆಯೇರಿ ಕೂರುತ್ತಿದ್ದಳಂತೆ. ಅಜ್ಜಿ ಒಳಗಿಂದಲೇ, "ಮಕ್ಕಳಿಗೆ ಊಟ ಆಗಿಲ್ಲ, ಅವರೂ ಒಟ್ಟಿಗೆ ಕೂರಲಿ" ಎಂದು ಹೇಳಿ ಕಳಿಸುತ್ತಿದ್ದರು. ಇಂಥ ದಿನವೇ ಬರಬೇಕು, ಇಷ್ಟೇ ಹೊತ್ತು ಇರಬೇಕು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಆ ವ್ಯವಸ್ಥೆಯನ್ನು ನಾನು ಪೂರ್ತಿ ಹೊಗಳಲಾರೆ. ಮಗು ತಾಯಿಯದು ಎಂದರೂ ಅಧಿಕಾರ ಬಹುಪಾಲು ಯಜಮಾನನದು, ಅಂದರೆ ಸೋದರಮಾವನದು. ಯಜಮಾನ್ತಿಯರೂ ಇದ್ದರು ನಿಜ, ನಮ್ಮ ಮನೆಯಲ್ಲಿ ಮಾತ್ರ ಅಂಥವರನ್ನು ಕಂಡವರಿಲ್ಲ. ಅಮ್ಮನ ಶಾಲೆ ಐದನೆಯ ತರಗತಿಗೆ ನಿಂತದ್ದು ಮಾವನ ಮಾತಿನಿಂದ. ಅಜ್ಜಿ ಅತ್ತರೂ ನಡೆಯಲಿಲ್ಲ, ಅಜ್ಜನನ್ನಂತೂ ಯಾರೂ ಕೇಳಲಿಲ್ಲ. ಆದರೂ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮದುವೆ ಮುರಿದರೂ ಮಕ್ಕಳ ಮನೆ ಮುರಿಯುತ್ತಿರಲಿಲ್ಲ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. ದೊಡ್ಡ ಮನೆಗಳು ಒಡೆದವು. ತಾಯಿ ಮಕ್ಕಳು ಮರಳಿ ಬರಲು ಇದ್ದ ಚಾವಡಿಯೇ ಸಣ್ಣದಾಯಿತು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಕಟ್ಟುಕಟ್ಟಳೆಯನ್ನೆಲ್ಲ ಬದಿಗೆ ಸರಿಸಿ ಹೇಳಿತು: ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಮಗುವಿನ ಹಿತವೇ ಮುಖ್ಯ ಎಂಬ ಮಾತೂ ಅದೇ ಕಾಯ್ದೆಯಲ್ಲಿದೆ, ಆದರೆ ಅದನ್ನು ಹೇಳಿಸಿಕೊಳ್ಳಲು ಕೋರ್ಟು ಮೆಟ್ಟಿಲು ಹತ್ತಬೇಕು.

ಚಿಕ್ಕಮ್ಮ ಹತ್ತಲಿಲ್ಲ. ಅವಳ ಗಂಡನಿಗೆ ಮುಂಬಯಿಯಲ್ಲಿ ಹೋಟೆಲು. 1975ರಲ್ಲಿ ಇಬ್ಬರೂ ಬೇರೆಯಾದರು. ಬೇಸಿಗೆ ರಜೆಯಲ್ಲಿ ಏಳು ವರ್ಷದ ಮಗನನ್ನು ಕರೆದುಕೊಂಡು ಹೋದವರು ಮತ್ತೆ ಕಳಿಸಲಿಲ್ಲ. ಹಿರಿಯರು ಕಾಗದ ಬರೆದರೆ, "ಕಾನೂನು ಕೇಳಿ ನೋಡಿ, ಮಗು ತಂದೆಯದು" ಎಂದು ಉತ್ತರ ಬಂತು. ಅವರ ಕೈಯಲ್ಲೂ ಕೋರ್ಟಿನ ಯಾವ ಆದೇಶವೂ ಇರಲಿಲ್ಲ. ಒಂದು ತಲೆಮಾರಿನ ಹಿಂದೆ ಅಜ್ಜಿಯನ್ನು ಕಾಪಾಡಿದ ಬಾಯಿಮಾತಿಗೆ ಈಗ ಬೆಲೆ ಇರಲಿಲ್ಲ. ಚಿಕ್ಕಮ್ಮ ರಜೆ ಬಂದರೆ ಮುಂಬಯಿಯ ಬಸ್ಸಿಗಾಗಿ ಕಾಯುವವಳಾದಳು, ಬಸ್ಸಿನಲ್ಲಿ ಅವನು ಬಂದದ್ದಕ್ಕಿಂತ ಬಾರದಿದ್ದದ್ದೇ ಹೆಚ್ಚು.

ಆ ಕಾಯ್ದೆ ಹೇಳಿದ ತಂದೆಯ 'ನಂತರ' ಎಂದರೆ ಅವನು ಸತ್ತ ಮೇಲೆ ಎಂದಲ್ಲ, ಅವನು ಹೊಣೆ ಹೊರದಿದ್ದಾಗಲೂ ತಾಯಿ ಸಹಜ ಪೋಷಕಿಯೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1999ರಲ್ಲಿ, ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ. ಅಷ್ಟರಲ್ಲಿ ಚಿಕ್ಕಮ್ಮನ ಮಗನಿಗೆ ಮೂವತ್ತು ದಾಟಿತ್ತು. ಅವನಿಗೆ ಹೆಣ್ಣು ನೋಡುವಾಗ ಹುಡುಗಿಯ ಕಡೆಯವರು ಮೊದಲು ಕೇಳಿದ್ದು ಬರಿ ಯಾವುದೆಂದು. ಒಂದೇ ಬರಿಯಾದರೆ ಸಂಬಂಧ ಆಗದು. ಮುಂಬಯಿಯಲ್ಲಿ ಬೆಳೆದವನಿಗೆ ತನ್ನ ಬರಿ ಯಾವುದೆಂದು ಗೊತ್ತಿರಲಿಲ್ಲ. ತಂದೆಯ ಬರಿ ಹೇಳಿದರೆ ಆಗುವುದಿಲ್ಲ. ತಾಯಿಗೆ ಫೋನು ಮಾಡಿ ಕೇಳಿದ.