ಜೈಪುರದ ಕೃತಕ ಪಾದ: ಒಂದು ಐತಿಹಾಸಿಕ ವಿವೇಚನೆ

ಉಪಕರಣಗಳ ಇತಿಹಾಸವನ್ನು ರಚಿಸುವವರು ಸಾಮಾನ್ಯವಾಗಿ ಅವುಗಳ ನಿರ್ಮಾಪಕರ ಚರಿತ್ರೆಯನ್ನು ಬರೆಯುತ್ತಾರೆಯೇ ಹೊರತು, ಅವನ್ನು ಬಳಸಿದವರ ಬದುಕನ್ನು ವಿಚಾರಿಸುವುದು ವಿರಳ. ಈ ಕ್ರಮದ ಕೊರತೆಯೇನೆಂಬುದು 1968ರ ಸುಮಾರಿಗೆ ರಾಜಸ್ಥಾನದ ಜೈಪುರದಲ್ಲಿ ರೂಪುಗೊಂಡ ಕೃತಕ ಪಾದದ ವೃತ್ತಾಂತದಿಂದ ವಿಶದವಾಗುತ್ತದೆ.

ಆಗ ಬಳಕೆಯಲ್ಲಿದ್ದ ಪಾಶ್ಚಾತ್ಯ ಮಾದರಿಯ ಪಾದವು ತನ್ನಷ್ಟಕ್ಕೆ ದೋಷಯುಕ್ತವಾದುದೇನಲ್ಲ. ಬೂಟು ಧರಿಸಿ, ಸಮನೆಲದ ಮೇಲೆ ನಡೆದು, ಕುರ್ಚಿಯಲ್ಲಿ ಕುಳಿತುಕೊಳ್ಳುವವರಿಗೆ ಅದು ತಕ್ಕುದಾಗಿತ್ತು. ಆದರೆ ಅದರ ಹರಡಿನ ಭಾಗ ಬಾಗುತ್ತಿರಲಿಲ್ಲ. ನಮ್ಮ ರೈತನಾದರೋ ಬರಿಗಾಲಿನಲ್ಲಿ ಕೆಸರು ತುಳಿಯಬೇಕು, ಕುಕ್ಕರುಗಾಲಿನಲ್ಲಿ ಕೂರಬೇಕು, ಚಕ್ಕಂಬಕ್ಕಳ ಹಾಕಿ ಉಣ್ಣಬೇಕು, ಪಾದರಕ್ಷೆಯನ್ನು ಕಳಚಿ ಗುಡಿಯನ್ನು ಪ್ರವೇಶಿಸಬೇಕು. ಆದಕಾರಣ ಆಸ್ಪತ್ರೆಯಲ್ಲಿ ಪಡೆದ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲನ್ನು ಹಿಡಿದವರುಂಟು. ಇದನ್ನು ರೋಗಿಯ ಅಜ್ಞಾನವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆವೈದ್ಯ ಡಾ. ಪಿ. ಕೆ. ಸೇಠಿಯವರು ಹಾಗೆ ಮಾಡದೆ, ಪಾದವೇ ಬಳಸುವವನ ಬಾಳಿಗೆ ಹೊಂದಿಕೊಳ್ಳಬೇಕೆಂದು ನಿಶ್ಚಯಿಸಿದರು.

ಈ ನಿಶ್ಚಯಕ್ಕೆ ಆಕಾರ ಕೊಟ್ಟ ಕೈ ರಾಮಚಂದ್ರ ಶರ್ಮರದು. ಇವರ ಶಾಲಾ ವಿದ್ಯಾಭ್ಯಾಸ ಅಲ್ಪ, ಶಿಲ್ಪಕೌಶಲ ಅಸಾಧಾರಣ. ಇಡಿಯ ಪಾದವನ್ನು ಗಟ್ಟಿ ರಬ್ಬರಿನಿಂದ ಎರೆದರೆ ಅದು ಅತಿಭಾರವಾಗುತ್ತಿತ್ತು. ಆದುದರಿಂದ ಮರದ ತುಂಡು ಮತ್ತು ಹಗುರವಾದ ಸ್ಪಂಜು ರಬ್ಬರನ್ನು ಒಳಗಿರಿಸಿ, ಮೇಲೆ ಮೈಬಣ್ಣದ ರಬ್ಬರನ್ನು ಹೊದಿಸಿ, ಅಚ್ಚಿನಲ್ಲಿ ಕಾಯಿಸಿ ಬೆಸೆಯುವ ವಿಧಾನ ಸಿದ್ಧವಾಯಿತು. ಸವೆದ ಟೈರುಗಳಿಗೆ ಹೊಸ ರಬ್ಬರು ಕೂಡಿಸುವ ಅಂಗಡಿಗಳಲ್ಲಿ ನಡೆಯುತ್ತಿದ್ದ ಕೆಲಸವೇ ಇಲ್ಲಿ ಅಂಗಹೀನರಿಗೆ ಉಪಕಾರಿಯಾಯಿತು. ಈ ಪಾದಕ್ಕೆ ಬೂಟು ಬೇಕಿಲ್ಲ, ನೀರಿನ ಭಯವಿಲ್ಲ. ಹರಡು ಎತ್ತ ಬೇಕಾದರೂ ಬಾಗುತ್ತದೆ.

1975ರಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಈ ಪಾದವನ್ನು ಉಚಿತವಾಗಿ ಹಂಚಿ ದೇಶಾಂತರಗಳಿಗೂ ಒಯ್ದಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಆ ಗೌರವ ಯೋಗ್ಯವಾದುದೇ ಸರಿ. ಆದರೆ ಅದರಲ್ಲಿ ಶರ್ಮರಿಗೆ ಪಾಲಿರಲಿಲ್ಲವೆಂಬುದನ್ನು ಇತಿಹಾಸಕಾರನು ಗಮನಿಸದಿರಲಾಗದು.

ಇಂದು ‘ವಿನ್ಯಾಸ ಚಿಂತನೆ’ ಎಂಬ ಹೆಸರಿನಿಂದ ಬೋಧಿಸಲ್ಪಡುವ ಕ್ರಮದ ಮುಖ್ಯಾಂಶಗಳೆಲ್ಲ, ಅಂದರೆ ಬಳಸುವವನ ಕಷ್ಟವನ್ನರಿಯುವುದು, ಪ್ರಶ್ನೆಯನ್ನೇ ತಿದ್ದುವುದು, ಮಾದರಿಗಳನ್ನು ಮಾಡಿ ಪರೀಕ್ಷಿಸುವುದು, ಇಲ್ಲಿ ಕಂಡುಬರುತ್ತವೆ. ಪ್ರಶಸ್ತಿಪತ್ರಗಳನ್ನು ಮಾತ್ರ ಆಧಾರವಾಗಿಟ್ಟುಕೊಂಡರೆ ಕುಶಲಕರ್ಮಿಯೂ ರೋಗಿಯೂ ಚರಿತ್ರೆಯಿಂದ ಮರೆಯಾಗುತ್ತಾರೆ. ಮೂಲೆ ಸೇರಿದ ಆ ಹಳೆಯ ಕೃತಕ ಕಾಲೂ ಒಂದು ಐತಿಹಾಸಿಕ ಸಾಕ್ಷ್ಯವೆಂದು ಪರಿಗಣಿಸಿದಾಗಲೇ ಈ ವೃತ್ತಾಂತ ಪೂರ್ಣವಾಗುವುದು.