ಊರ ಶಾಲೆಯಿಂದ ಬಡಾವಣೆಯ ಶಾಲೆಗೆ: ಪಶ್ಚಿಮ ಬೆಂಗಳೂರಿನ ಶಾಲಾ ಕಟ್ಟಡಗಳು ಮತ್ತು ಹಣದ ಹೊಣೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಹಳ್ಳಿಗಳ ಹೊಲಗದ್ದೆಗಳ ಮೇಲೆ ಎದ್ದ ಬಡಾವಣೆಗಳೆಂಬುದು ಇಂದು ಅವುಗಳ ಬೀದಿಗಳಲ್ಲಿ ಓಡಾಡುವವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಶಿವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ ಎಂಬ ಹೆಸರುಗಳು ಬಸ್ಸಿನ ಫಲಕಗಳಲ್ಲಿ, ಮೆಟ್ರೊ ನಿಲ್ದಾಣಗಳಲ್ಲಿ, ಗ್ರಾಮದೇವತೆಯ ಗುಡಿಗಳ ಸುತ್ತಲಿನ ಇಕ್ಕಟ್ಟಾದ ಓಣಿಗಳಲ್ಲಿ ಉಳಿದುಕೊಂಡಿವೆ. ಕೆಂಗೇರಿಯ ಸಂಗತಿ ಸ್ವಲ್ಪ ಬೇರೆ. ಅದು ಮೈಸೂರು ರಸ್ತೆಯ ಮೇಲಿನ ಹಳೆಯ ಹೋಬಳಿ ಕೇಂದ್ರ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಗುವವರೆಗೆ ತನ್ನದೇ ಪುರಸಭೆಯನ್ನು ಹೊಂದಿತ್ತು. ಈ ಪ್ರದೇಶದ ಶಿಕ್ಷಣದ ಚರಿತ್ರೆಯನ್ನು ಬರೆಯುವಾಗ ಸಾಮಾನ್ಯವಾಗಿ ಶಾಲೆಗಳ ಸಂಖ್ಯೆಯನ್ನೂ ಸಂಸ್ಥಾಪಕರ ಹೆಸರುಗಳನ್ನೂ ದಾಖಲಿಸಲಾಗುತ್ತದೆ. ಶಾಲೆಯ ಸೂರನ್ನು ಯಾರು ಹೊದಿಸಿದರು, ಯಾರ ಹಣದಿಂದ ಹೊದಿಸಿದರು, ಆ ಸೂರಿನ ಕೆಳಗೆ ಕೂತ ಮಗುವಿಗೆ ಗಾಳಿ ಬೆಳಕು ದೊರೆಯಿತೆ ಎಂಬ ಪ್ರಶ್ನೆಗಳು ಹಿಂದೆ ಉಳಿಯುತ್ತವೆ. ಹಣದ ಹೊಣೆಗೂ ಕಟ್ಟಡದ ಸ್ವರೂಪಕ್ಕೂ ಇರುವ ನಂಟನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಮೈಸೂರು ಸೀಮೆಯಲ್ಲಿ ಸರ್ಕಾರಿ ಶಾಲೆಗಳಿಗಿಂತ ಮೊದಲಿದ್ದದ್ದು ಕೂಲಿಮಠ. ಹೆಸರೇ ಅದರ ಅರ್ಥವ್ಯವಸ್ಥೆಯನ್ನು ಹೇಳುತ್ತದೆ. ಕಲಿಸುವ ಅಯ್ಯನವರಿಗೆ ಮಕ್ಕಳ ಮನೆಗಳಿಂದ ಕಾಳು, ಹಬ್ಬಕ್ಕೆ ಬಟ್ಟೆ, ಅಲ್ಪಸ್ವಲ್ಪ ಕಾಸು ಸಲ್ಲುತ್ತಿತ್ತು. ಕೂಲಿಮಠಕ್ಕೆ ಪ್ರತ್ಯೇಕ ಕಟ್ಟಡವೆಂಬುದು ಇರಲಿಲ್ಲ. ಗುಡಿಯ ಪೌಳಿ, ಮನೆಯ ಜಗುಲಿ, ಛತ್ರದ ಪಡಸಾಲೆ, ಇವೇ ಪಾಠದ ಸ್ಥಳಗಳು. ಇಂಥ ಎಡೆಗಳ ವಾಸ್ತುವನ್ನು ಜನಪದರು ತಲೆಮಾರುಗಳಿಂದ ರೂಢಿಸಿಕೊಂಡಿದ್ದರು: ದಪ್ಪನೆಯ ಮಣ್ಣಿನ ಗೋಡೆ, ಕಲ್ಲುಕಂಬದ ಮೇಲೆ ಇಳಿಜಾರು ನಾಡಹೆಂಚಿನ ಮಾಡು, ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿ, ಬಿಸಿಲು ನೇರವಾಗಿ ಒಳನುಗ್ಗದಂತೆ ತಡೆಯುವ ಜಗುಲಿ, ಮುಂದೊಂದು ಹೊಂಗೆ ಅಥವಾ ಅರಳಿ. ಜಗುಲಿಯೆಂದರೆ ಹೊರಗೂ ಅಲ್ಲದ ಒಳಗೂ ಅಲ್ಲದ ಜಾಗ. ಅಲ್ಲಿ ಕೂತವರಿಗೆ ದೀಪವಾಗಲಿ ಬೀಸಣಿಗೆಯಾಗಲಿ ಹಗಲಿನಲ್ಲಿ ಬೇಕಾಗುತ್ತಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರು ಸೀಮೆಯ ಹವೆಗೆ ಇಷ್ಟೇ ಸಾಕಾಗಿತ್ತು.

ಆದರೆ ಈ ತಂಪನ್ನು ಹೊಗಳುವ ಮುನ್ನ ಅದು ಯಾರಿಗೆ ದೊರೆಯುತ್ತಿತ್ತು ಎಂಬುದನ್ನು ಕೇಳಿಕೊಳ್ಳಬೇಕು. ಗುಡಿಯ ಪೌಳಿಗೂ ಮೇಲುಜಾತಿಯ ಮನೆಯ ಜಗುಲಿಗೂ ಅಸ್ಪೃಶ್ಯರೆಂದು ಹೊರಗಿಡಲಾದ ಸಮುದಾಯಗಳ ಮಕ್ಕಳಿಗೆ ಪ್ರವೇಶವಿರಲಿಲ್ಲ. ಸಾರ್ವಜನಿಕ ಶಾಲೆಗಳನ್ನು ಆ ಮಕ್ಕಳಿಗೂ ತೆರೆಯಬೇಕೆಂದು ಮೈಸೂರು ಸರ್ಕಾರ 1915ರಲ್ಲಿ ಆದೇಶಿಸಿದಾಗ ತೀವ್ರ ವಿರೋಧ ಎದ್ದದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಸರ್ಕಾರದ ದುಡ್ಡಿನಿಂದ, ಸರ್ಕಾರದ ನೆಲದಲ್ಲಿ ಎದ್ದ ಒಂದು ಕೋಣೆಗೆ ಇಲ್ಲಿ ವಾಸ್ತುವನ್ನು ಮೀರಿದ ಮಹತ್ವವಿದೆ. ಅದು ಎಷ್ಟೇ ಸೆಕೆಯ ಕೋಣೆಯಾಗಿದ್ದರೂ ಯಾರ ಮನೆಯ ಜಗುಲಿಯೂ ಆಗಿರಲಿಲ್ಲ. ಹಳೆಯ ಊರ ಶಾಲೆಯನ್ನು ಕುರಿತ ಹಂಬಲದ ಬರವಣಿಗೆಗಳು ಈ ಅಂಶವನ್ನು ಮರೆಯುವುದುಂಟು.

ಸರ್ಕಾರಿ ಶಾಲೆಯ ಖರ್ಚನ್ನು ಯಾರು ಹೊರಬೇಕು ಎಂಬ ವಿವಾದವೂ ಹಳೆಯದೇ. ಬಿ.ಎಲ್. ರೈಸ್ ಅವರ ಸಲಹೆಯಂತೆ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ಆರಂಭವಾಯಿತು. ಮೇಷ್ಟರ ಸಂಬಳ ಸರ್ಕಾರದ್ದು. ಶಾಲೆಗೊಂದು ಮನೆ ಒದಗಿಸುವ ಹೊಣೆ ಬಹುಮಟ್ಟಿಗೆ ಊರವರದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬಂದ 1913ರ ಪ್ರಾಥಮಿಕ ಶಿಕ್ಷಣ ಶಾಸನವು ಕಡ್ಡಾಯ ಶಿಕ್ಷಣದ ತತ್ತ್ವವನ್ನು ಅಂಗೀಕರಿಸಿತು. 1930ರ ಶಾಸನ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿತು. ಅಮೆರಿಕದ ಶಾಲಾ ಜಿಲ್ಲೆಗಳನ್ನು ಬಲ್ಲವರಿಗೆ ಈ ಏರ್ಪಾಟು ತೀರ ಅಪರಿಚಿತವೆನಿಸದು. ಅಲ್ಲಿ ಶಾಲಾ ಜಿಲ್ಲೆಯೆಂಬುದು ಬಹುಪಾಲು ತನ್ನದೇ ಆಸ್ತಿತೆರಿಗೆ ಎತ್ತುವ, ಹೊಸ ಕಟ್ಟಡಕ್ಕೆ ಸಾಲಪತ್ರ ಹೊರಡಿಸಲು ಮತದಾರರ ಒಪ್ಪಿಗೆ ಕೇಳುವ ಘಟಕ. ಸಿರಿವಂತ ಜಿಲ್ಲೆಗೆ ಒಳ್ಳೆಯ ಶಾಲೆ, ಬಡ ಜಿಲ್ಲೆಗೆ ಕಳಪೆ ಶಾಲೆ ಎಂಬ ದೂರು 1973ರಲ್ಲಿ ಟೆಕ್ಸಾಸಿನ ರಾಡ್ರಿಗೆಸ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಸೋತಿತು. ಮೈಸೂರಿನ ಪ್ರಯೋಗ ಅಷ್ಟು ಕಾಲ ಬಾಳಲಿಲ್ಲ. 1941ರ ಕಾಯಿದೆಯ ಮೂಲಕ ಸರ್ಕಾರ ಪ್ರಾಥಮಿಕ ಶಾಲೆಗಳನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಕರ್ನಾಟಕದಲ್ಲಿ ಶೈಕ್ಷಣಿಕ ಜಿಲ್ಲೆಯೆಂಬುದು ಉಪನಿರ್ದೇಶಕರ ಕಚೇರಿಯ ವ್ಯಾಪ್ತಿಯಷ್ಟೇ ಆಗಿದೆ. ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಎಂಬ ಶೈಕ್ಷಣಿಕ ಜಿಲ್ಲೆಗಳಿಗೆ ತೆರಿಗೆ ಎತ್ತುವ ಅಧಿಕಾರವಿಲ್ಲ. ಸೋರುವ ಸೂರನ್ನು ಸರಿಪಡಿಸಲು ತಾವಾಗಿಯೇ ದುಡ್ಡು ಕೂಡಿಸುವ ದಾರಿಯೂ ಇಲ್ಲ.

ಈ ಸ್ಥಿತಿಯಲ್ಲಿಯೇ ಪಶ್ಚಿಮ ಬೆಂಗಳೂರಿನ ಬೆಳವಣಿಗೆ ಆರಂಭವಾಯಿತೆಂಬುದು ಗಮನಾರ್ಹ. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ವೇಳೆಗೆ ಸುಮಾರು 7.8 ಲಕ್ಷಕ್ಕೆ ಏರಿತ್ತು. 1945ರಲ್ಲಿ ರಚನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು 1949ರಲ್ಲಿ, ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿನಲ್ಲಿ ಕೈಗಾರಿಕಾ ಉಪನಗರವೊಂದನ್ನು ರೂಪಿಸಿತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಇಲ್ಲಿಗೆ ಬಂದಿತು. ಕಾರ್ಖಾನೆಗಳ ಕಾರ್ಮಿಕರು, ಗುಮಾಸ್ತರು, ಸಣ್ಣ ಯಂತ್ರಾಗಾರಗಳ ಒಡೆಯರು ನೆಲೆಸಿದಂತೆ ಕಾರ್ಡ್ ರಸ್ತೆಯ ಆಚೆಗೂ ಬಡಾವಣೆಗಳು ಹಬ್ಬಿದವು. ಕೇತಮಾರನಹಳ್ಳಿ, ಮಾರೇನಹಳ್ಳಿ, ಸಾಣೆಗುರುವನಹಳ್ಳಿಗಳ ಕೆರೆಗಳು ಮೈದಾನ, ನಿವೇಶನ, ಕಟ್ಟಡಗಳಾದವು. ಕೆರೆಯೊಂದಿಗೆ ಊರಿಗೆ ಮಣ್ಣು ಕೊಡುತ್ತಿದ್ದ ಅಂಗಳವೂ, ಬೇಸಿಗೆಯ ಗಾಳಿಗೆ ತಂಪು ತರುತ್ತಿದ್ದ ನೀರೂ ಹೋದವು.

ಈ ಬಡಾವಣೆಗಳ ಕಲ್ಲು ಮಣ್ಣಿನ ಕೆಲಸದ ಹಿಂದೆ ಯಾರಿದ್ದರು ಎಂಬುದಕ್ಕೆ ರಾಜಾಜಿನಗರದ ಮಗ್ಗುಲಿನ ಭೋವಿಪಾಳ್ಯದಂಥ ಹೆಸರುಗಳು ಸುಳಿವು ನೀಡುತ್ತವೆ. ಕಲ್ಲು ಸೀಳುವ, ಚಪ್ಪಡಿ ಎಬ್ಬಿಸುವ, ಮಣ್ಣು ಹದ ಮಾಡುವ ಭೋವಿ ಸಮುದಾಯದ ಅರಿವು ಹಳೆಯ ಶಾಲೆಗಳ ಗೋಡೆಗಳಲ್ಲಿ ಸೇರಿಕೊಂಡಿದೆ. ಇದಕ್ಕೆ ಜೊತೆಯಾಗಿ ಶಾಸ್ತ್ರೀಯ ಜ್ಞಾನವೂ ಕೈಯಳತೆಯಲ್ಲಿಯೇ ಇತ್ತು. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಆಟೊ ಕೋನಿಗ್ಸ್‌ಬರ್ಗರ್ 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದರು. ಬಿಸಿಲಿನ ದಿಕ್ಕು, ಗಾಳಿಯ ಹರಿವು, ನೆರಳು ಇವುಗಳನ್ನು ಲೆಕ್ಕಹಾಕಿ ಕಟ್ಟುವ ಉಷ್ಣವಲಯದ ವಾಸ್ತುವಿಗೆ ಅವರು ಮುಂದೆ ಲಂಡನ್ನಿನಲ್ಲಿ ಜಗತ್ತಿನ ಪ್ರಮುಖ ಬೋಧಕರಾದರು. ಅದರ ಮೊದಲ ಪಾಠಗಳನ್ನು ಅವರು ಬೆಂಗಳೂರಿನಲ್ಲಿಯೇ ಕಟ್ಟಿನೋಡಿದ್ದರು. ಆದರೆ ಅವರ ಗಮನ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ, ನಗರಯೋಜನೆಗೆ ಮೀಸಲಾಯಿತು. ರಾಜಾಜಿನಗರ ರೂಪುಗೊಳ್ಳುವ ಹೊತ್ತಿಗೆ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿ ಸೇರಿದ್ದರು. ಅಂದರೆ ಕೊರತೆಯಿದ್ದದ್ದು ತಿಳಿವಳಿಕೆಯದಲ್ಲ. ತಿಳಿದವರಿಂದ ಕಟ್ಟಿಸಬೇಕಾದ ಯಜಮಾನ ಯಾರೆಂಬುದು ಸ್ಪಷ್ಟವಿರಲಿಲ್ಲ.

ಬಡಾವಣೆಯ ನಕ್ಷೆಯಲ್ಲಿ ಶಾಲೆಗೆ ಜಾಗ ಗುರುತಾಗುತ್ತಿತ್ತು. ನಾಗರಿಕ ಸೌಲಭ್ಯ ನಿವೇಶನ ಎಂಬುದು ಅದರ ಆಡಳಿತದ ಹೆಸರು. ಜನರ ಬಾಯಲ್ಲಿ ಅದು ‘ಸಿಎ ಸೈಟು’. ನಿವೇಶನ ಕೊಡುವುದು ಒಂದು ಸಂಸ್ಥೆ, ಶಾಲೆಗೆ ಮಾನ್ಯತೆ ಕೊಡುವುದು ಶಿಕ್ಷಣ ಇಲಾಖೆ. ಕಟ್ಟಡ ಕಟ್ಟುವುದು ಯಾರ ಕೈಯಲ್ಲಿ ದುಡ್ಡಿದೆಯೋ ಅವರು. ರಾಜಾಜಿನಗರದಲ್ಲಿ 1959ರಲ್ಲಿ ನ್ಯಾಷನಲ್ ಪಬ್ಲಿಕ್ ಶಾಲೆ ಆರಂಭವಾಯಿತು. 1963ರಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ಎಸ್. ನಿಜಲಿಂಗಪ್ಪ ಕಾಲೇಜನ್ನು ತೆರೆಯಿತು. ಊರೂರುಗಳಿಂದ ಬಂದು ನೆಲೆಸಿದವರು ತಮ್ಮ ತಮ್ಮ ಸಂಘಗಳ ಮೂಲಕ ಕಟ್ಟಿದ ಕನ್ನಡ ಶಾಲೆಗಳೂ ಇದೇ ಕಾಲದಲ್ಲಿ ಹುಟ್ಟಿದವು. 1976ರಲ್ಲಿ ವಿಶ್ವಸ್ತ ಮಂಡಳಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. 1989ರಲ್ಲಿ ಸಿಎ ಸೈಟುಗಳ ಹಂಚಿಕೆಗೆ ಪ್ರತ್ಯೇಕ ನಿಯಮಾವಳಿ ರೂಪುಗೊಂಡಿತು. ಸೈಟು ದೊರೆಯದವರು ಮೂವತ್ತು ನಲವತ್ತು ಅಡಿಯ ಮನೆ ನಿವೇಶನಗಳಲ್ಲಿಯೇ ಅಂತಸ್ತಿನ ಮೇಲೆ ಅಂತಸ್ತು ಏರಿಸಿದರು. 1,200 ಚದರ ಅಡಿಯ ನೆಲದಲ್ಲಿ ಜಗುಲಿಗೆ ಎಡೆಯೆಲ್ಲಿ? ಮೂರು ಕಡೆ ನೆರೆಮನೆಯ ಗೋಡೆ, ಒಂದು ಕಡೆ ಕಿಟಕಿ, ಮೇಲೆ ಕಾಯುವ ಕಾಂಕ್ರೀಟು. ಹಗಲಲ್ಲಿಯೂ ದೀಪ ಉರಿಯಬೇಕು, ಫ್ಯಾನು ತಿರುಗಬೇಕು. ಇಂಥ ಶಾಲೆಗಳಿಗೂ ಜನ ಇಟ್ಟ ಹೆಸರು ‘ಕಾನ್ವೆಂಟು’. ಮಠವೆಂಬ ಪದವು ಕೂಲಿಮಠವಾಗಿ ಶಾಲೆಗೆ ಸಂದಂತೆ, ಕ್ರೈಸ್ತ ಸನ್ಯಾಸಿನಿಯರ ಮಠದ ಹೆಸರೂ ಸುಣ್ಣಬಣ್ಣ ಕಂಡ ಯಾವುದೇ ಇಂಗ್ಲಿಷ್ ಶಾಲೆಗೆ ಅಂಟಿಕೊಂಡದ್ದು ಸ್ವಾರಸ್ಯಕರ.

ಕನ್ನಡ ಶಾಲೆಗಳನ್ನು ಕಟ್ಟಿದ ಸಂಘಗಳು ನಂಬಿದ್ದದ್ದು ಅನುದಾನವನ್ನು. ಅನುದಾನವೆಂದರೆ ಮುಖ್ಯವಾಗಿ ಶಿಕ್ಷಕರ ವೇತನ. ಕಟ್ಟಡ ಆಡಳಿತ ಮಂಡಳಿಯ ಹೊರೆ. ಸರ್ಕಾರವು 1995ರ ನಂತರ ಆರಂಭವಾದ ಶಾಲೆಗಳನ್ನು ಅನುದಾನದ ಹೊರಗಿಟ್ಟಾಗ ಕನ್ನಡ ಮಾಧ್ಯಮದ ಶಾಲೆಗಳಿಗೆ ಬಿದ್ದ ಪೆಟ್ಟು ದೊಡ್ಡದು. ಆ ನಿರ್ಬಂಧವನ್ನು ತೆಗೆಯಬೇಕೆಂಬ ಬೇಡಿಕೆ ಸರ್ಕಾರಗಳು ಬದಲಾದರೂ ಮತ್ತೆ ಮತ್ತೆ ಧರಣಿಗಳಾಗಿ ಮರಳಿದೆ. ಶುಲ್ಕ ಹೆಚ್ಚಿಸಲಾರದ, ಸಂಬಳಕ್ಕೇ ಪರದಾಡುವ ಶಾಲೆ ಸೂರಿನ ಬಗ್ಗೆ ಯೋಚಿಸುವುದು ಹೇಗೆ? ಶುಲ್ಕ ಪಡೆಯುವ ಶಾಲೆಗಳ ಜಗಳ ಬೇರೊಂದು ಬಗೆಯದು. ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ, ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ಪಡೆಯಬೇಕೆಂದು ಸರ್ಕಾರ ಆದೇಶಿಸಿತು. ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟು ರಿಯಾಯಿತಿಯನ್ನು ಶೇ. 15ಕ್ಕೆ ಮಾರ್ಪಡಿಸಿತು.

2009ರ ಶಿಕ್ಷಣ ಹಕ್ಕು ಕಾಯಿದೆ ಈ ಲೆಕ್ಕಾಚಾರವನ್ನು ಇನ್ನಷ್ಟು ಜಟಿಲಗೊಳಿಸಿತು. ಖಾಸಗಿ ಶಾಲೆಗಳು ಶೇ. 25ರಷ್ಟು ಸೀಟುಗಳನ್ನು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು. ಸರ್ಕಾರ ತನ್ನ ಶಾಲೆಯ ಒಂದು ಮಗುವಿನ ಮೇಲೆ ಮಾಡುವ ವೆಚ್ಚ ಅಥವಾ ಶಾಲೆಯ ನಿಜವಾದ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದನ್ನು ಮರುಪಾವತಿಸಬೇಕು. ಕರ್ನಾಟಕದಲ್ಲಿ ಈ ಮೊತ್ತದ ಮಿತಿ ಒಂದನೆಯ ತರಗತಿಗೆ ವರ್ಷಕ್ಕೆ 16,000 ರೂಪಾಯಿಯವರೆಗೆ ಏರಿತು. ಮೊತ್ತ ಸಾಲದು, ಸಕಾಲಕ್ಕೆ ಬಾರದು ಎಂಬುದು ಶಾಲೆಗಳ ದೂರು. ಆದರೆ ಅದೇ ಕಾಯಿದೆಯ 12ನೆಯ ಪ್ರಕರಣದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಮಾತೊಂದಿದೆ. ಭೂಮಿ, ಕಟ್ಟಡ ಮೊದಲಾದವನ್ನು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಪಡೆದು, ಅದಕ್ಕೆ ಪ್ರತಿಯಾಗಿ ನಿರ್ದಿಷ್ಟ ಸಂಖ್ಯೆಯ ಮಕ್ಕಳಿಗೆ ಉಚಿತವಾಗಿ ಕಲಿಸುವ ಹೊಣೆಯನ್ನು ಮೊದಲೇ ಹೊತ್ತಿರುವ ಶಾಲೆಗೆ ಆ ಮಟ್ಟಿಗೆ ಮರುಪಾವತಿ ಸಲ್ಲದು. ಪಶ್ಚಿಮ ಬೆಂಗಳೂರಿನ ಸಿಎ ಸೈಟುಗಳ ಚರಿತ್ರೆಯನ್ನು ಈ ವಾಕ್ಯದ ಬೆಳಕಿನಲ್ಲಿ ಓದಬೇಕಾಗಿದೆ. ನೆಲ ಸಾರ್ವಜನಿಕರದು, ಆ ನೆಲದ ಋಣವನ್ನು ಯಾವ ಶಾಲೆ ಎಷ್ಟು ತೀರಿಸಬೇಕೆಂಬ ಪ್ರಶ್ನೆ ಹಂಚಿಕೆಯ ಕಡತಗಳಲ್ಲಿಯೇ ಉಳಿದಿದೆ. 2019-20ನೆಯ ಸಾಲಿನಿಂದ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಸೀಟು ದೊರೆಯದಂತೆ ರಾಜ್ಯದ ನಿಯಮ ಬದಲಾಯಿತು. ಅಲ್ಲಿಗೆ ಬಡವರ ಮಕ್ಕಳ ಪಾಲಿಗೆ ಸರ್ಕಾರಿ ಶಾಲೆಯ ಕಟ್ಟಡ ಹೇಗಿದೆ ಎಂಬ ಪ್ರಶ್ನೆ ಮತ್ತೆ ಮುಖ್ಯವಾಯಿತು.

ಈ ನಗರದಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದ್ದರು. ರಾಜಾಜಿನಗರದಿಂದ ಅದು ಬಹುದೂರವೇನಲ್ಲ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅಲ್ಲಿ ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ‘ಮರ್ದಿನಿ’ ಎಂಬ ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. 2003ರಲ್ಲಿ ಪ್ರಕಟವಾದ ಅವರಿಬ್ಬರ ಅಧ್ಯಯನದ ಪ್ರಕಾರ ಇಂಥ ಇಟ್ಟಿಗೆಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯದರ ಸುಮಾರು ನಾಲ್ಕನೆಯ ಒಂದು ಭಾಗ. ಇಂಥ ಪರ್ಯಾಯ ಸಾಮಗ್ರಿಗಳನ್ನು ಬಳಸಿದರೆ ಭಾರ ಹೊರುವ ಗೋಡೆಗಳ ಕಟ್ಟಡಕ್ಕೆ ತಗಲುವ ಒಟ್ಟು ಶಕ್ತಿಯನ್ನು ಅರ್ಧಕ್ಕೆ ಇಳಿಸಬಹುದು. ಜನಪದರ ಮಣ್ಣುಗೋಡೆ ಇಲ್ಲಿ ಪ್ರಯೋಗಾಲಯದ ಮೂಲಕ ಮರಳಿ ಬಂದಿತ್ತು. ಅನೇಕ ಮನೆಗಳು ಈ ಬಗೆಯಲ್ಲಿ ಎದ್ದವು. ಇಲಾಖೆಯ ದರಪಟ್ಟಿ, ಗುತ್ತಿಗೆದಾರರ ರೂಢಿ, ವರ್ಷಾಂತ್ಯದೊಳಗೆ ಖರ್ಚು ತೋರಿಸುವ ಅವಸರ, ಇವುಗಳ ನಡುವೆ ಸರ್ಕಾರಿ ಶಾಲೆಯ ಕೋಣೆ ಮಾತ್ರ ಕಾಂಕ್ರೀಟಿನ ಪೆಟ್ಟಿಗೆಯಾಗಿಯೇ ಉಳಿಯಿತು.

2001ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನವು ಕಟ್ಟಡ ಕಾಮಗಾರಿಗೆ ಶೇ. 33ರ ಮಿತಿಯನ್ನು ಇಟ್ಟು, ಸಮುದಾಯದ ಮೂಲಕವೇ ಕಟ್ಟಿಸಬೇಕೆಂದಿತು. ಅದೇ ವರ್ಷ ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ಹಳ್ಳಿಯಲ್ಲಿ ಇಂಥ ಸಮಿತಿಗೆ ಬೆನ್ನಾಗಿ ಊರೊಂದಿರುತ್ತದೆ. ಬಡಾವಣೆಯ ನಡುವಿನ ಹಳೆಯ ಹಳ್ಳಿಯ ಶಾಲೆಯಲ್ಲಿ ಓದುವವರು ಬಹುಪಾಲು ವಲಸೆ ಬಂದ ಕೂಲಿಕಾರರ, ಮನೆಗೆಲಸದವರ, ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳ ಮಕ್ಕಳು. ಜಾಗ ಕೊಟ್ಟ ಮನೆತನದವರ ಮೊಮ್ಮಕ್ಕಳು ಕಾನ್ವೆಂಟಿಗೆ ಹೋಗಿದ್ದಾರೆ. ಸಮಿತಿಯಲ್ಲಿರುವ ತಾಯಿ ದಿನದ ಕೂಲಿ ಬಿಟ್ಟು ಸಭೆಗೆ ಬರಬೇಕು.

2007ರಲ್ಲಿ ಬಂದ ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಹೆಚ್ಚಿನ ವಿದ್ಯುತ್ ಹೊರೆಯುಳ್ಳ ದೊಡ್ಡ ಕಟ್ಟಡಗಳನ್ನು ಗುರಿಯಾಗಿಸಿಕೊಂಡಿತು. ನಾಲ್ಕು ಫ್ಯಾನು, ಆರು ದೀಪಗಳ ಶಾಲೆ ಅದರ ಕಣ್ಣಿಗೆ ಬೀಳುವಂತಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮಕ್ಕಳು ಬೇಸಿಗೆ ರಜೆಯಲ್ಲಿದ್ದರೆಂಬುದಷ್ಟೇ ಸಮಾಧಾನ. ಪರೀಕ್ಷೆಯ ಮಾರ್ಚ್ ತಿಂಗಳಿಗೆ ಆ ಸಮಾಧಾನವಿಲ್ಲ. 2022ರಲ್ಲಿ ‘ವಿವೇಕ’ ಯೋಜನೆಯಡಿ ರಾಜ್ಯದಲ್ಲಿ 7,601 ಹೊಸ ಕೊಠಡಿಗಳನ್ನು ಕಟ್ಟುವ ಕಾರ್ಯ ಆರಂಭವಾದಾಗ ನಾಡಿನಾದ್ಯಂತ ಬಿರುಸಿನ ವಾಗ್ವಾದ ನಡೆಯಿತು. ವಾಗ್ವಾದ ನಡೆದದ್ದು ಗೋಡೆಗೆ ಕೇಸರಿ ಬಣ್ಣ ಬಳಿಯಬೇಕೆ ಬೇಡವೆ ಎಂಬುದರ ಬಗ್ಗೆ. ಸೂರಿನ ಕಾವು, ಕಿಟಕಿಯ ದಿಕ್ಕು, ಜಗುಲಿಯ ಅಗಲ ಅದರಲ್ಲಿ ಸುಳಿಯಲಿಲ್ಲ. 2025ರಲ್ಲಿ ನಗರದ ಆಡಳಿತವನ್ನು ಐದು ಪಾಲಿಕೆಗಳಾಗಿ ವಿಭಜಿಸಲಾಯಿತು, ಅವುಗಳಲ್ಲಿ ಒಂದಕ್ಕೆ ಪಶ್ಚಿಮದ ಹೆಸರಿದೆ. ಆಸ್ತಿತೆರಿಗೆ ಆ ಪಾಲಿಕೆಗೆ ಸಲ್ಲುತ್ತದೆ. ಹೊಸಹಳ್ಳಿ, ಮಾರೇನಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳ ಸೂರು 1941ರಲ್ಲಿ ನಿಗದಿಯಾದಂತೆ ರಾಜ್ಯದ ಇಲಾಖೆಯ ಲೆಕ್ಕದಲ್ಲಿದೆ.